ಸ್ಮಾರ್ಟ್ ಮೀಟರಿಗೆ ಆಯಸ್ಸು ಎಷ್ಟು?

(ಮಾತನಾಡುತ್ತಿರುವವರು ಇಬ್ಬರು. ಮಾವ ಮೈಸೂರಿನವರು, ಕೆಇಬಿ (ಕರ್ನಾಟಕ ವಿದ್ಯುತ್ ಮಂಡಳಿ) ಕಾಲದಿಂದ ಮೀಟರ್ ಟೆಸ್ಟಿಂಗ್ ವಿಭಾಗದಲ್ಲಿದ್ದು ನಿವೃತ್ತರಾದವರು. ಸೊಸೆ ಅವರ ಅಕ್ಕನ ಮಗಳು, ವಿದ್ಯುತ್ ಸರಬರಾಜು ಕಂಪನಿಯೊಂದರ ಯೋಜನಾ ವಿಭಾಗದಲ್ಲಿ ಎಂಜಿನಿಯರ್. ಸ್ಮಾರ್ಟ್ ಮೀಟರುಗಳು ಹಳೆಯದಾದಾಗ ಅವನ್ನು ಹೇಗೆ ಬದಲಿಸಬೇಕು ಎಂದು ಟಿಪ್ಪಣಿ ಬರೆಯುವ ಕೆಲಸ ಅವಳ ಮೇಜಿಗೆ ಬಂದಿದೆ.)

ಸೊಸೆ: ಮಾವ, ನಂಗೆ ಒಂದೇ ಒಂದು ಅಂಕಿ ಸಾಕು. ಸ್ಮಾರ್ಟ್ ಮೀಟರಿನ ಆಯಸ್ಸು ಎಷ್ಟು ವರ್ಷ? ಕೂರಿಸಿದ ವರ್ಷಕ್ಕೆ ಅದನ್ನ ಕೂಡಿಸಿದ್ರೆ ಬದಲಿಸೋ ವರ್ಷ ಸಿಗತ್ತೆ. ಮಿಕ್ಕಿದ್ದನ್ನ ಎಕ್ಸೆಲ್ ನೋಡ್ಕೊಳ್ಳತ್ತೆ.

ಮಾವ: ಯಾವುದರ ಆಯಸ್ಸು?

ಸೊಸೆ: ಮೀಟರಿಂದೇ ಮಾವ, ಇನ್ಯಾವುದು?

ಮಾವ: ನಾನು ಕೆಲಸಕ್ಕೆ ಸೇರಿದಾಗ ಮೀಟರ್ ಅಂದ್ರೆ ಒಂದು ವಸ್ತು. ಅಲ್ಯೂಮಿನಿಯಂ ಚಕ್ರ, ಎರಡು ಸುರುಳಿ, ಚಕ್ರವನ್ನ ಹಿಡಿದು ನಿಲ್ಲಿಸೋ ಅಯಸ್ಕಾಂತ, ಎಣಿಸೋಕೆ ಹಲ್ಲುಚಕ್ರ. 1885ರಲ್ಲಿ ಇಟಲಿಯ ಗೆಲಿಲಿಯೊ ಫೆರಾರಿಸ್ ತೋರಿಸಿದ ತಿರುಗುವ ಕಾಂತಕ್ಷೇತ್ರದ ತತ್ವದ ಮೇಲೇ ಅದು ನಡೀತಿತ್ತು. ಮೂವತ್ತು ನಲವತ್ತು ವರ್ಷ ಗೋಡೆ ಬಿಟ್ಟು ಕದಲ್ತಿರಲಿಲ್ಲ. ವಯಸ್ಸಾದ ಹಾಗೆ ಬೇರಿಂಗ್ ಸವೆದು, ಧೂಳು ಕೂತು ಚಕ್ರ ನಿಧಾನ ಆಗೋದು. ನಷ್ಟ ಬೋರ್ಡಿಗೆ, ಲಾಭ ಮನೆಯವರಿಗೆ. ನಿಧಾನ ಓಡತ್ತೆ ಅಂತ ದೂರು ಕೊಟ್ಟವರನ್ನ ನಾನು ನೋಡೇ ಇಲ್ಲ. ಈಗ ನೀನು ಮೀಟರ್ ಅಂತಿರೋ ಡಬ್ಬಿಯೊಳಗೆ ಅಳೆಯೋ ಚಿಪ್ ಬೇರೆ, ಸುದ್ದಿ ಕಳಿಸೋ ಮಾಡ್ಯೂಲ್ ಬೇರೆ, ಕರೆಂಟ್ ಕಡಿಯೋ ರಿಲೇ ಬೇರೆ, ಗಡಿಯಾರದ ಬ್ಯಾಟರಿ ಬೇರೆ, ಡಿಸ್‌ಪ್ಲೇ ಬೇರೆ. ಇವುಗಳ ಮೇಲೆ ಸಾಫ್ಟ್‌ವೇರು, ಅದಕ್ಕೊಂದು ಗುಪ್ತ ಕೀಲಿ. ಪ್ರತಿಯೊಂದಕ್ಕೂ ಅದರದೇ ಆಯಸ್ಸು. ಯಾವುದು ಮೊದಲು ಹೋಗತ್ತೋ ಅದು ಉಳಿದದ್ದನ್ನೂ ಎಳ್ಕೊಂಡು ಹೋಗತ್ತೆ. ನಿನ್ನ ಎಕ್ಸೆಲ್‌ನಲ್ಲಿ ಒಂದು ಅಂಕಣ ಸಾಲದು.

ಸೊಸೆ: ಆಯ್ತು, ಅಂಕಣ ಹೆಚ್ಚು ಮಾಡ್ತೀನಿ. ಮೊದಲು ಹೋಗೋದು ಯಾವುದು?

ಮಾವ: ಮೀಟರ್ ಎಲ್ಲಿದೆ ಅನ್ನೋದನ್ನ ಮೊದಲು ಹೇಳು. ಒಳಗಿನ ಪವರ್ ಸಪ್ಲೈನಲ್ಲಿ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಇರತ್ತೆ, ಅದರ ದ್ರವ ನಿಧಾನಕ್ಕೆ ಆರತ್ತೆ. ಶಾಖ ಹತ್ತು ಡಿಗ್ರಿ ಏರಿದ್ರೆ ಅದರ ಆಯಸ್ಸು ಹೆಚ್ಚುಕಮ್ಮಿ ಅರ್ಧ ಆಗತ್ತೆ ಅನ್ನೋದು ಎಲೆಕ್ಟ್ರಾನಿಕ್ಸ್‌ನವರ ರೂಢಿ ಲೆಕ್ಕ. ಈಗ ರಾಯಚೂರಿನ ಒಂದು ಮನೆ ನೆನೆಸ್ಕೊ. ಪಶ್ಚಿಮದ ಗೋಡೆ, ಕಬ್ಬಿಣದ ಪೆಟ್ಟಿಗೆ, ಏಪ್ರಿಲ್ ಮಧ್ಯಾಹ್ನ. ಹೊರಗೆ 42 ಡಿಗ್ರಿ ಇದ್ರೆ ಪೆಟ್ಟಿಗೆಯೊಳಗೆ ಎಷ್ಟಿರತ್ತೆ? ಅದೇ ಮಾದರಿ, ಅದೇ ತಿಂಗಳು ಕಾರ್ಖಾನೆಯಿಂದ ಬಂದ ಮೀಟರ್ ಮಡಿಕೇರಿಯ ವರಾಂಡದ ನೆರಳಲ್ಲಿದ್ರೆ ಕೆಪಾಸಿಟರ್ ಸುಖವಾಗಿರತ್ತೆ. ಆದ್ರೆ ಅಲ್ಲಿ ಸಿಡಿಲು. ಸರ್ಜ್ ತಡೆಯೋ ವೇರಿಸ್ಟರ್ ಒಂದೊಂದು ಹೊಡೆತಕ್ಕೂ ಸ್ವಲ್ಪ ಸ್ವಲ್ಪ ಸೊರಗತ್ತೆ, ಹೊರಗಿಂದ ಏನೂ ಗೊತ್ತಾಗಲ್ಲ. ಕರಾವಳಿಗೆ ಬಾ, ಉಪ್ಪು ಗಾಳಿಗೆ ಟರ್ಮಿನಲ್ ತುಕ್ಕು ಹಿಡಿಯತ್ತೆ. ಒಂದೇ ಟೆಂಡರ್, ಮೂರು ಊರು, ಮೂರು ಬಗೆ ಸಾವು.

ಸೊಸೆ: ರಿಲೇ?

ಮಾವ: ಪೋಸ್ಟ್‌ಪೇಯ್ಡ್‌ನಲ್ಲಿ ರಿಲೇಗೆ ಕೆಲಸ ಕಮ್ಮಿ. ಪ್ರಿಪೇಯ್ಡ್ ಮಾಡಿದ್ರೆ ದುಡ್ಡು ಮುಗಿದಾಗೆಲ್ಲ ಕಡಿಯತ್ತೆ, ರೀಚಾರ್ಜ್ ಆದಾಗ ಸೇರಿಸತ್ತೆ. ಲೋಡ್ ಮೇಲಿದ್ದಾಗ ಸೇರಿಸಿದ್ರೆ ಕಾಂಟ್ಯಾಕ್ಟಲ್ಲಿ ಕಿಡಿ ಹಾರತ್ತೆ. ಒಂದು ದಿನ ಎರಡೂ ಬೆಸೆದುಕೊಂಡು ಕಡಿಯೋಕೇ ಆಗಲ್ಲ. ಬಡವರ ಮನೆ ಮೀಟರು, ಸಣ್ಣ ಮೊತ್ತ ಹಾಕಿಸಿಕೊಳ್ಳೋರ ಮೀಟರು, ಹೆಚ್ಚು ಸಲ ಕಡಿದು ಸೇರತ್ತೆ. ಅಂದ್ರೆ ಬಿಲ್ಲಿಂಗ್ ಪದ್ಧತಿ ಬದಲಿಸಿದ್ರೆ ಮೀಟರಿನ ಆಯಸ್ಸೂ ಬದಲಾಗತ್ತೆ. ಇದನ್ನ ವಾಣಿಜ್ಯ ವಿಭಾಗದವರು ಯೋಚನೆ ಮಾಡಲ್ಲ, ನೀನು ಬರಿ.

ಸೊಸೆ: ನೀವು ಹೇಳಿದ್ದೆಲ್ಲ ಡಬ್ಬಿಯೊಳಗಿನ ಕಾಯಿಲೆ. ನಾನು ಹೊರದೇಶಗಳ ಅನುಭವ ಓದ್ತಾ ಇದ್ದೀನಿ. ಅಲ್ಲಿ ಮೀಟರ್ ಗಟ್ಟಿಮುಟ್ಟಾಗಿದ್ದು, ಹೊರಗಿನ ಲೋಕ ಬದಲಾಗಿದ್ದಕ್ಕೇ ಎಷ್ಟೋ ಕಡೆ ತೆಗೀಬೇಕಾಗಿದೆ. ಬ್ರಿಟನ್ ನೋಡಿ. ಅಲ್ಲಿ ದೇಶದ ದಕ್ಷಿಣ ಮತ್ತು ಮಧ್ಯ ಭಾಗದ ಸ್ಮಾರ್ಟ್ ಮೀಟರುಗಳು 2ಜಿ, 3ಜಿ ಮೊಬೈಲ್ ಜಾಲದಲ್ಲಿ ಮಾತಾಡೋವು, ಉತ್ತರದವಕ್ಕೆ ಬೇರೆ ರೇಡಿಯೊ. ಮೊಬೈಲ್ ಕಂಪನಿಗಳು 2033ರೊಳಗೆ 2ಜಿ, 3ಜಿ ಎರಡನ್ನೂ ಮುಚ್ತೀವಿ ಅಂತ ಒಪ್ಪಿಕೊಂಡಿದ್ದಾರೆ, 3ಜಿ ಮುಚ್ಚೋದು ಆಗಲೇ ಶುರುವಾಯ್ತು. ಅಳೆಯೋ ಚಿಪ್ಪಿಗೆ ಏನೂ ಆಗಿಲ್ಲ, ಆದ್ರೆ ಅದರ ಸುದ್ದಿ ಒಯ್ಯೋರು ಇಲ್ಲ.

ಮಾವ: ಅದಕ್ಕೆ ಇಡೀ ಮೀಟರ್ ಕಿತ್ತು ಹಾಕ್ತಾರಾ?

ಸೊಸೆ: ಅಲ್ಲೊಂದು ಜಾಣತನ ಮಾಡಿದ್ದಾರೆ. ಸುದ್ದಿ ಕಳಿಸೋ ಭಾಗ ಮೀಟರಿನ ತಲೆ ಮೇಲೆ ಕೂರೋ ಬೇರೆ ಪೆಟ್ಟಿಗೆ. 4ಜಿ ಪೆಟ್ಟಿಗೆ ತಂದು ಅದೊಂದನ್ನೇ ಬದಲಿಸಿದ್ರೆ ಸಾಕು. ಮೀಟರಿನ ಸೀಲ್ ಮುಟ್ಟಬೇಕಾಗಿಲ್ಲ, ಮನೆಗೆ ಕರೆಂಟ್ ತೆಗೆಯೋದೂ ಬೇಡ. ಆದ್ರೂ ಮನೆಮನೆಗೆ ಹೋಗ್ಲೇಬೇಕು.

ಮಾವ: ಮನೆಗೆ ಹೋಗೋದೇ ಅರ್ಧ ಖರ್ಚು. ಇನ್ನೊಂದು ನೋಡು, ನಮ್ಮ ದೇಶದಲ್ಲೂ ಹೆಚ್ಚಿನ ಕಡೆ 3ಜಿ ಮೊದಲು ಹೋಯ್ತು, ಅದಕ್ಕಿಂತ ಹಳೇ 2ಜಿ ಇನ್ನೂ ಉಳ್ಕೊಂಡಿದೆ. ಹೊಸದೇ ಹೆಚ್ಚು ದಿನ ಬಾಳತ್ತೆ ಅಂತ ಲೆಕ್ಕ ಹಾಕಿ 3ಜಿ ಮೋಡೆಮ್ ಹಾಕಿದವರು ಮೊದಲು ಬಿದ್ದರು. ಆದ್ರಿಂದ ಮೊಬೈಲ್ ಜಾಲದ ಆಯಸ್ಸನ್ನ ನೀನು ಊಹೆ ಮಾಡ್ಬೇಡ. ಯಾವುದು ಹೋದರೂ ತಾಳಿಕೊಳ್ಳೋ ಹಾಗೆ ಮೀಟರ್ ಕೊಂಡ್ಕೊ. ಸ್ಮಾರ್ಟ್ ಮೀಟರಿನ ಐಎಸ್ 16444 ಮಾನಕದಲ್ಲಿ ಹೊರಗಿಂದ ಚುಚ್ಚೋ ಮಾಡ್ಯೂಲಿಗೂ ಅವಕಾಶ ಇದೆಯಲ್ಲ?

ಸೊಸೆ: ಇದೆ. ಆದ್ರೆ ಒಬ್ಬ ತಯಾರಕನ ಮಾಡ್ಯೂಲ್ ಇನ್ನೊಬ್ಬನ ಮೀಟರಿಗೆ ಕೂರಬೇಕಲ್ಲ. ಹತ್ತು ವರ್ಷದ ಮೇಲೆ ಮೊದಲಿನವನು ಆ ಮಾದರಿ ನಿಲ್ಲಿಸಿದ್ದರೆ, ಚುಚ್ಚೋ ಜಾಗ ಇದ್ದರೂ ಚುಚ್ಚೋಕೆ ಏನೂ ಸಿಗಲ್ಲ.

ಮಾವ: ಹಾಗಾದ್ರೆ ಮಾಡ್ಯೂಲಿನ ಅಳತೆ, ಪಿನ್ನು, ಅದರ ಒಳಭಾಷೆ ಎಲ್ಲ ಕಂಪನಿಯ ಕೈಗೆ ಬರಬೇಕು ಅಂತ ಖರೀದಿ ಕರಾರಲ್ಲೇ ಬರಿ. ಮಾರೋವಾಗ ಅವರು ಒಪ್ತಾರೆ. ಹತ್ತು ವರ್ಷ ಬಿಟ್ಟು ಕೇಳಿದ್ರೆ ಬೇರೇನೇ ಬೆಲೆ ಹೇಳ್ತಾರೆ.

ಸೊಸೆ: ಬ್ಯಾಟರಿ ವಿಷಯ ಬಂದ್ರೆ ಕೆನಡಾದ ಟೊರೊಂಟೊ ನಗರದ ನೀರಿನ ಮೀಟರುಗಳ ಕತೆ ಹೇಳ್ಬೇಕು. ಕರೆಂಟಿನ ಮೀಟರಿಗೆ ಕರೆಂಟ್ ಹೇಗೂ ಇರತ್ತೆ, ನೀರಿನ ಮೀಟರಿನ ಟ್ರಾನ್ಸ್‌ಮಿಟರ್ ಬ್ಯಾಟರಿ ಮೇಲೇ ಬದುಕಬೇಕು. ಅಲ್ಲಿ ಸುಮಾರು 4,70,000 ಟ್ರಾನ್ಸ್‌ಮಿಟರ್ ಹಾಕಿದ್ರು. ಇಪ್ಪತ್ತು ವರ್ಷ ಬಾಳಬೇಕಿತ್ತು, ಅವಧಿಗೆ ಎಷ್ಟೋ ಮುಂಚೆಯೇ ಒಂದರ ಹಿಂದೆ ಒಂದು ಸುಮ್ಮನಾದವು. ನೀರು ಅಳೆಯೋ ಭಾಗ ಸರಿಯಾಗೇ ಇತ್ತು. ರೀಡಿಂಗ್ ಬಾರದ ಮನೆಗೆ ಅಂದಾಜು ಬಿಲ್ ಹೋಗೋಕೆ ಶುರುವಾಯ್ತು. ಕೊನೆಗೆ ನಗರವೇ ಎಲ್ಲ ಟ್ರಾನ್ಸ್‌ಮಿಟರ್ ಬದಲಿಸೋ ಕಾರ್ಯಕ್ರಮ ಹಾಕ್ಕೊಳ್ಳಬೇಕಾಯ್ತು.

ಮಾವ: ನೋಡಿದ್ಯಾ, ಒಂದು ಬ್ಯಾಟರಿ ಊರನ್ನೇ ಅಂದಾಜು ಬಿಲ್ಲಿಗೆ ಇಳಿಸ್ತು. ನಮ್ಮಲ್ಲಿ ಹಿಂದೆ ರೀಡರ್ ಹೋದಾಗ ಮನೆ ಬೀಗ ಹಾಕಿದ್ರೆ ಡೋರ್ ಲಾಕ್, ಮೀಟರ್ ನಿಂತಿದ್ರೆ ಎಂಎನ್‌ಆರ್ ಅಂತ ಬರ್ಕೊಂಡು ಸರಾಸರಿ ಬಿಲ್ ಕೊಡ್ತಿದ್ರು. ಸ್ಮಾರ್ಟ್ ಮೀಟರಿನ ದೊಡ್ಡ ವಾಗ್ದಾನವೇ ಸರಾಸರಿ ಬಿಲ್ ಇರಲ್ಲ ಅನ್ನೋದು. ಮುಪ್ಪಿನಲ್ಲಿ ಆ ಮಾತು ಮುರೀತಲ್ಲ, ಜನಕ್ಕೆ ಕೋಪ ಬರೋದು ಅದಕ್ಕೆ.

ಸೊಸೆ: ಮತ್ತೆ ರೀಡರುಗಳೂ ಇರಲ್ಲ ಆಗ.

ಮಾವ: ಇರಲ್ಲ. ಹಳ್ಳಿಗಳಲ್ಲಿ ಗ್ರಾಮ ವಿದ್ಯುತ್ ಪ್ರತಿನಿಧಿ ಓಣಿ ಓಣಿ ತಿರುಗಿ ರೀಡಿಂಗ್ ತರ್ತಾನೆ. ಸ್ಮಾರ್ಟ್ ಮೀಟರ್ ಬಂದ ಮೇಲೆ ಅವನನ್ನ ಬೇರೆ ಕೆಲಸಕ್ಕೆ ಹಾಕ್ತೀರ ಇಲ್ಲ ಬಿಡಿಸ್ತೀರ. ಮೀಟರ್ ಮೌನ ಆದ ದಿನ ಯಾರು ಹೋಗಿ ನೋಡ್ತಾರೆ? ಬದಲಾವಣೆ ಮುಗಿಯೋ ತನಕ ಕೈಯಲ್ಲಿ ರೀಡಿಂಗ್ ತರೋ ಜನ ಇಷ್ಟು ಅಂತ ಒಂದು ಸಾಲು ಬರ್ಕೊ.

ಸೊಸೆ: ಸರಿ. ಈಗ ಇಟಲಿಗೆ ಬನ್ನಿ, ಅದೇ ದೊಡ್ಡ ಪಾಠ. ಅಲ್ಲಿ ಎನೆಲ್ ಕಂಪನಿ 2001ರಿಂದ 2006ರೊಳಗೆ ಮೂರು ಕೋಟಿ ಮೀಟರ್ ಹಾಕ್ತು, ಸುಮಾರು 210 ಕೋಟಿ ಯೂರೊ ಖರ್ಚು. ಅಷ್ಟು ದೊಡ್ಡ ಪ್ರಮಾಣದಲ್ಲಿ ಜಗತ್ತಿನಲ್ಲೇ ಮೊದಲು. ಮೀಟರಿಂದ ಟ್ರಾನ್ಸ್‌ಫಾರ್ಮರ್ ತನಕ ಕರೆಂಟಿನ ತಂತಿಯಲ್ಲೇ ಸುದ್ದಿ ಹೋಗತ್ತೆ, ಅಲ್ಲಿಂದ ಮೊಬೈಲ್ ಜಾಲ. ಆಯಸ್ಸು ಹದಿನೈದು ವರ್ಷ ಅಂತ ಲೆಕ್ಕ. ಆ ಹದಿನೈದು ತುಂಬೋ ಹೊತ್ತಿಗೆ, 2016ರಲ್ಲಿ, ಎರಡನೇ ತಲೆಮಾರಿನ ಮೀಟರ್ ಹೇಗಿರಬೇಕು ಅಂತ ಅಲ್ಲಿನ ನಿಯಂತ್ರಣ ಪ್ರಾಧಿಕಾರ ನಿಗದಿ ಮಾಡ್ತು. 2017ರಿಂದ ಬದಲಾವಣೆ ಶುರು. ಕೂರಿಸೋಕೆ ಐದಾರು ವರ್ಷ ತಗೊಂಡಿದ್ದನ್ನ ಬದಲಿಸೋಕೆ ಹದಿನೈದು ವರ್ಷದ ಯೋಜನೆ, ಹೆಚ್ಚಿನ ಕೆಲಸ ಅದರ ಮೊದಲರ್ಧದಲ್ಲಿ.

ಮಾವ: ಹಳೇದು ಕೆಟ್ಟಿತ್ತಾ?

ಸೊಸೆ: ಬಹಳಷ್ಟು ಓಡ್ತಾನೇ ಇದ್ದವು. ಅವಧಿ ಮುಗೀತಿತ್ತು, ಅದರ ಜೊತೆಗೆ ಹೊಸ ಬೇಡಿಕೆ. ಹದಿನೈದು ನಿಮಿಷಕ್ಕೊಂದು ಲೆಕ್ಕ ಬೇಕು, ಅದು ಮಾರನೇ ದಿನವೇ ಸಿಗಬೇಕು, ಮನೆಯವರೂ ತಮ್ಮ ಸಾಧನದಲ್ಲಿ ನೇರವಾಗಿ ಓದೋಕೆ ಎರಡನೇ ದಾರಿ ಇರಬೇಕು. ಸುದ್ದಿ ತಂತಿಯಲ್ಲಿ ಹೋಗದಿದ್ರೆ 169 ಮೆಗಾಹರ್ಟ್ಸ್ ರೇಡಿಯೊದಲ್ಲಿ ಹೋಗಬೇಕು.

ಮಾವ: ತಂತಿಯಲ್ಲಿ ಯಾಕೆ ಹೋಗಲ್ಲ ಅಂತ ನಾನು ಹೇಳ್ತೀನಿ ಕೇಳು. ಮೀಟರ್ ಕೂರಿಸಿದಾಗ ಮನೇಲಿ ಉರೀತಿದ್ದದ್ದು ಬಲ್ಬು. ಆಮೇಲೆ ಎಲ್‌ಇಡಿ ಬಂತು, ಚಾರ್ಜರ್ ಬಂತು, ಚಾವಣಿ ಸೋಲಾರಿನ ಇನ್ವರ್ಟರ್ ಬಂತು. ಎಲ್ಲವೂ ತಂತಿಗೆ ಗದ್ದಲ ಬಿಡತ್ತೆ. ಮೀಟರ್ ಕೆಡಲಿಲ್ಲ, ಅದರ ಸುತ್ತಲಿನ ಮನೆ ಬದಲಾಯ್ತು.

ಸೊಸೆ: ಸ್ವೀಡನ್‌ನಲ್ಲೂ ಅದೇ ಥರ. 2009ರ ಜುಲೈ 1ರಿಂದ ಪ್ರತಿ ಮನೆಗೂ ತಿಂಗಳಿಗೊಮ್ಮೆ ನಿಜವಾದ ರೀಡಿಂಗ್ ಬರಬೇಕು ಅಂತ ಕಾನೂನು. ಅದಕ್ಕಾಗಿ ಐವತ್ತು ಲಕ್ಷಕ್ಕೂ ಹೆಚ್ಚು ಮೀಟರ್ ಹಾಕಿದ್ರು. ತಿಂಗಳ ಲೆಕ್ಕಕ್ಕೆ ಹಾಕಿದ ಮೀಟರು ಗಂಟೆ ಲೆಕ್ಕದ ಮಾರುಕಟ್ಟೆಗೆ ಸಾಲಲಿಲ್ಲ. ಹೊಸ ಗುಣಲಕ್ಷಣ ಬರೆದು, 2025ರ ಜನವರಿ 1ಕ್ಕೆ ಎಲ್ಲ ಮೀಟರೂ ಅದಕ್ಕೆ ಹೊಂದಬೇಕು ಅಂದ್ರು. ಮೊದಲ ಸುತ್ತಿನ ಮೀಟರಿಗೆ ಕೊನೆ ದಿನಾಂಕ ಬರೆದದ್ದು ಹೊಸ ನಿಯಮ.

ಮಾವ: ಹೊಸ ನಿಯಮ ಬಂತು ಅಂದ ಕೂಡಲೇ ಹಳೇದೆಲ್ಲ ಕಸ ಅಂತ ಅಂದ್ಕೋಬೇಡ. ತೆಗೆಯದೆ ಉಳಿಸಿದ ಉದಾಹರಣೆ ಇಲ್ವಾ?

ಸೊಸೆ: ಇದೆ, ಮತ್ತೆ ಬ್ರಿಟನ್ನೇ. ಅಲ್ಲಿ ಮೊದಲ ತಲೆಮಾರಿನ ಮೀಟರ್ ಇದ್ದವರು ಕರೆಂಟ್ ಮಾರೋ ಕಂಪನಿ ಬದಲಿಸಿದ್ರೆ ಮೀಟರ್ ಎಷ್ಟೋ ಸಲ ಮೂಕ ಆಗ್ತಿತ್ತು. ಹಳೇ ಕಂಪನಿಯ ವ್ಯವಸ್ಥೆಗೆ ಮಾತ್ರ ಅದರ ಭಾಷೆ ಗೊತ್ತು. ಕಿತ್ತು ಹಾಕೋ ಬದಲು, ದೂರದಿಂದಲೇ ಸಾಫ್ಟ್‌ವೇರ್ ಹೊಂದಿಸಿ ಅವನ್ನ ಒಂದು ಕೇಂದ್ರ ಜಾಲಕ್ಕೆ ಸೇರಿಸೋಕೆ ಹೊರಟರು. ಲಕ್ಷಾಂತರ ಮೀಟರು ಗೋಡೆ ಬಿಟ್ಟು ಇಳಿಯದೆ ಉಳ್ಕೊಂಡವು.

ಮಾವ: ಅದನ್ನ ಟಿಪ್ಪಣಿಯ ಮೊದಲ ಪುಟಕ್ಕೆ ಹಾಕು. ಬದಲಾವಣೆಯ ಯೋಜನೆ ಅಂದ್ರೆ ಯಾವುದನ್ನ ಬದಲಿಸ್ಬಾರದು ಅಂತ ಹೇಳೋದೂ ಸೇರತ್ತೆ. ಅದಕ್ಕೆ ನನ್ನ ಹತ್ರ ಒಂದು ವಿಧಾನ ಇದೆ, ಸ್ಯಾಂಪಲ್ ಪರೀಕ್ಷೆ. ಜರ್ಮನಿಯಲ್ಲಿ ಚಕ್ರದ ಮೀಟರಿಗೆ 16 ವರ್ಷ, ಎಲೆಕ್ಟ್ರಾನಿಕ್ ಮೀಟರಿಗೆ 8 ವರ್ಷ ಅಂತ ಕಾನೂನಿನ ಅವಧಿ. ಹೊಸದಕ್ಕೇ ಕಮ್ಮಿ ನಂಬಿಕೆ! ಅವಧಿ ತುಂಬಿದ ಮೇಲೆ ಎಲ್ಲವನ್ನೂ ತೆಗೆಯಲ್ಲ. ಒಂದೇ ಮಾದರಿಯವು ಒಂದು ಲಾಟು. ಅದರಿಂದ ಚೀಟಿ ಎತ್ತಿದ ಹಾಗೆ ಒಂದಿಷ್ಟು ಕಳಚಿ ತಂದು ಬೆಂಚಿನ ಮೇಲೆ ಪರೀಕ್ಷೆ. ಪಾಸಾದ್ರೆ ಇಡೀ ಲಾಟಿಗೆ ಇನ್ನಷ್ಟು ವರ್ಷ, ಫೇಲಾದ್ರೆ ಇಡೀ ಲಾಟು ಹೊರಗೆ. ಕೆನಡಾದಲ್ಲೂ ಇಂಥದೇ ಪದ್ಧತಿ. ವಯಸ್ಸನ್ನ ಅಂದಾಜು ಮಾಡೋದಕ್ಕಿಂತ ಕೇಳಿ ತಿಳ್ಕೊಳ್ಳೋದು ಮೇಲಲ್ವಾ?

ಸೊಸೆ: ಮಾವ, ಅಲ್ಲೇ ತೊಡಕು. ನಿಮ್ಮ ಲಾಟು ಊರೆಲ್ಲ ಚೆದುರಿರತ್ತೆ. ಈ ಬೀದೀಲಿ ಮೂರು, ಆ ಬಡಾವಣೇಲಿ ಇಪ್ಪತ್ತು. ನಮ್ಮ ಆರ್‌ಎಫ್ ಮೆಶ್ ಜಾಲದಲ್ಲಿ ಒಂದು ಮೀಟರಿನ ಸುದ್ದಿ ಪಕ್ಕದ ಮೀಟರುಗಳ ಮೂಲಕ ಹಾಯ್ದು ಹೋಗತ್ತೆ. ಮಧ್ಯದ್ದನ್ನ ಕಿತ್ತು ಬೇರೆ ಜಾತಿಯ ರೇಡಿಯೊ ಹಾಕಿದ್ರೆ ಅದರ ಹಿಂದಿನ ನಾಲ್ಕು ಮನೆ ಕಾಣೆ ಆಗತ್ತೆ. ಜಾಲದ ದೃಷ್ಟಿಯಿಂದ ಟ್ರಾನ್ಸ್‌ಫಾರ್ಮರ್ ಹಿಡಿದು, ಒಂದರ ಕೆಳಗಿನವನ್ನೆಲ್ಲ ಒಟ್ಟಿಗೆ ಬದಲಿಸ್ಬೇಕು. ಇಟಲಿಯವರು ಊರು ಊರು ಹಿಡಿದೇ ಹೋದದ್ದು.

ಮಾವ: ನೀನು ಹೇಳೋ ಹಾಗೆ ಮಾಡಿದ್ರೆ ನಿನ್ನೆ ಮೊನ್ನೆ ಹಾಕಿದ ಮೀಟರೂ ಆ ಸಾಲಲ್ಲಿ ಹೋಗತ್ತೆ.

ಸೊಸೆ: ನೀವು ಹೇಳೋ ಹಾಗೆ ಮಾಡಿದ್ರೆ ಒಂದೇ ಬೀದಿಗೆ ಆರು ಸಲ ಗ್ಯಾಂಗ್ ಕಳಿಸ್ಬೇಕಾಗತ್ತೆ.

ಮಾವ: ಹಾಗಾದ್ರೆ ಎರಡೂ ಇಟ್ಕೊ. ಯಾವ ವರ್ಷ ತೆಗೀಬೇಕು ಅನ್ನೋದನ್ನ ಲಾಟು ಹೇಳಲಿ, ಯಾವ ಕ್ರಮದಲ್ಲಿ ತೆಗೀಬೇಕು ಅನ್ನೋದನ್ನ ಟ್ರಾನ್ಸ್‌ಫಾರ್ಮರ್ ಹೇಳಲಿ. ಬೀದಿಯಲ್ಲಿ ಸಿಕ್ಕ ಒಳ್ಳೇ ಮೀಟರನ್ನ ಗುಜರಿಗೆ ಹಾಕ್ಬೇಡ. ತಂದು ಪರೀಕ್ಷೆ ಮಾಡಿ, ಸೀಲ್ ಹಾಕಿ, ಹಳೇ ಜಾಲ ಇನ್ನೂ ಇರೋ ಬಡಾವಣೆಗಳಿಗೆ ಬಿಡಿ ಮೀಟರಾಗಿ ಇಟ್ಕೊ. ಹತ್ತು ವರ್ಷದ ಹಿಂದಿನ ಮಾದರಿ ಆಗ ಅಂಗಡೀಲಿ ಸಿಗಲ್ಲ, ನಿನ್ನ ಉಗ್ರಾಣದಲ್ಲೇ ಸಿಗಬೇಕು. ಮತ್ತೆ ಲಾಟು ಮಾಡೋವಾಗ ತಯಾರಕ, ಮಾದರಿ, ವರ್ಷದ ಜೊತೆಗೆ ಜಾಗವನ್ನೂ ಸೇರಿಸು. ರಾಯಚೂರಿನದ್ದೂ ಮಡಿಕೇರಿಯದ್ದೂ ಒಂದೇ ಲಾಟಲ್ಲ.

ಸೊಸೆ: ಹಾಗೆ ಮಾಡಬಹುದು. ಈಗ ಜನದ ಲೆಕ್ಕ. ಹತ್ತು ಲಕ್ಷ ಮೀಟರನ್ನ ಮೂರು ವರ್ಷದಲ್ಲಿ ಕೂರಿಸಿದ್ವಿ ಅಂತ ಇಟ್ಕೊಳ್ಳಿ. ಎಲ್ಲದರ ಆಯಸ್ಸೂ ಒಂದೇ ಅಂದ್ರೆ ತೆಗೆಯೋದಕ್ಕೂ ಮೂರೇ ವರ್ಷ. ವರ್ಷಕ್ಕೆ 300 ಕೆಲಸದ ದಿನ ಹಿಡಿದ್ರೆ ದಿನಕ್ಕೆ 1,100 ಮೀಟರ್. ಒಂದು ತಂಡ ದಿನಕ್ಕೆ ಹತ್ತು ಮಾಡಿದ್ರೂ 110 ತಂಡ ಬೇಕು. ಮೂರು ವರ್ಷ ಆದ ಮೇಲೆ ಆ ತಂಡಗಳಿಗೆ ಕೆಲಸವೇ ಇಲ್ಲ. ಇನ್ನೊಂದು ದಶಕಕ್ಕೆ ಮತ್ತೆ ಅದೇ ನೂಕುನುಗ್ಗಲು.

ಮಾವ: ಎಂಟು ವರ್ಷಕ್ಕೆ ಹರಡು.

ಸೊಸೆ: ಹರಡಿದ್ರೆ ದಿನಕ್ಕೆ 420ರ ಹತ್ತಿರ, 42 ತಂಡ ಸಾಕು. ಆದ್ರೆ ಒಂದಿಷ್ಟು ಮೀಟರನ್ನ ಅವಧಿಗೆ ಮುಂಚೆ ತೆಗೀಬೇಕು. ಅಷ್ಟು ಬೇಗ ಯಾಕೆ ಅಂತ ಲೆಕ್ಕಪತ್ರದವರು ಕೇಳ್ತಾರೆ.

ಮಾವ: ನಿನ್ನ ಅತ್ತೆಯ ತವರಲ್ಲಿ ಅಡಿಕೆ ತೋಟ ನೋಡಿದ್ಯಲ್ಲ. ಹಳೇ ಮರ ಫಸಲು ಕೊಡ್ತಿರೋವಾಗಲೇ ನಡುವೆ ಎಡೆಸಸಿ ನೆಡ್ತಾರೆ. ಮರವೆಲ್ಲ ಸತ್ತ ಮೇಲೆ ನೆಟ್ಟರೆ ಫಲ ಬರೋ ತನಕ ಮನೆ ನಡೆಯೋದು ಹೇಗೆ? ಮೀಟರಿಗೂ ಹಾಗೇ ಕಣೆ. ಶುರುವಿನ ವರ್ಷಗಳಲ್ಲಿ ಲಾಟು ಫೇಲಾದವು, ಶಾಖದ ಊರುಗಳವು, ರಿಲೇ ಹೆಚ್ಚು ದುಡಿದವು ಹೋಗಲಿ. ನೆರಳಲ್ಲಿರೋವು, ಸ್ಯಾಂಪಲ್‌ನಲ್ಲಿ ಪಾಸಾದವು ಕೊನೇಲಿ ಬರಲಿ. ಮುಂಚೆ ತೆಗೆದದ್ದಕ್ಕೂ ಕಾರಣ ಇರತ್ತೆ, ತಡವಾಗಿ ತೆಗೆದದ್ದಕ್ಕೂ ಕಾರಣ ಇರತ್ತೆ. ಕಾರಣ ಕಡತದಲ್ಲಿದ್ರೆ ಲೆಕ್ಕಪತ್ರದವರು ತಕರಾರು ಮಾಡಲ್ಲ.

ಸೊಸೆ: ತಡವಾದ್ರೆ ಇನ್ನೊಂದು ಕಷ್ಟ ಇದೆ. ಹಳೇ ಮೀಟರುಗಳ ಸುದ್ದಿ ತಗೊಳ್ಳೋಕೆ ಹಳೇ ಹೆಡ್‌ಎಂಡ್ ವ್ಯವಸ್ಥೆ ನಡೀತಿರಬೇಕು. ನೂರಕ್ಕೆ ತೊಂಬತ್ತೆಂಟು ಬದಲಾಗಿ, ಎರಡು ಉಳಿದಿದ್ರೂ ಅದರ ಸರ್ವರ್, ಪರವಾನಗಿ, ನೋಡ್ಕೊಳ್ಳೋ ಜನ ಎಲ್ಲದಕ್ಕೂ ದುಡ್ಡು ಕಟ್ಟಬೇಕು. ಬಾಗಿಲು ತೆಗೆಯದ ಮನೆ, ವ್ಯಾಜ್ಯದಲ್ಲಿರೋ ಕಟ್ಟಡ, ಬೆಟ್ಟದ ಮೇಲಿನ ಒಂಟಿ ಮನೆ. ಕೊನೆಯ ಆ ಎರಡು ಭಾಗವೇ ದುಬಾರಿ.

ಮಾವ: ಹಾಗಾದ್ರೆ ಅವನ್ನ ಕೊನೆಗೆ ಇಡಬೇಡ. ಕಷ್ಟದ ಮನೆಗಳ ಪಟ್ಟಿ ಮೊದಲ ವರ್ಷವೇ ಮಾಡಿ, ಹೊಸ ಜಾಲ ಬಂದ ಕೂಡಲೇ ಅಲ್ಲಿಗೆ ಹೋಗೋಕೆ ಶುರು ಮಾಡು. ಸ್ಮಾರ್ಟ್ ಮೀಟರ್ ಮೊದಲು ಹಾಕಿದ ಕಡೆಯೇ ಬದಲಿಸೋ ಅಭ್ಯಾಸವೂ ಆಗಲಿ.

ಸೊಸೆ: ಮೊದಲು ಹಾಕಿದ ಕಡೆ ಅಂದ್ರೆ ನಮ್ಮ ಮೈಸೂರೇ. ಕೇಂದ್ರ ಆರಿಸಿದ 14 ಪ್ರಾಯೋಗಿಕ ಸ್ಮಾರ್ಟ್ ಗ್ರಿಡ್ ಯೋಜನೆಗಳಲ್ಲಿ ಮೈಸೂರು ಭಾಗದ ವಿದ್ಯುತ್ ಕಂಪನಿ ಸೆಸ್ಕ್‌ನದೂ ಒಂದು, ವಿ.ವಿ. ಮೊಹಲ್ಲಾ ಸುತ್ತ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಗ್ರಾಹಕರು. 2015ರಲ್ಲಿ ಐಎಸ್ 16444 ಬರೋಕೆ ಮೊದಲೇ ಮಂಜೂರಾದದ್ದು. ರಾಜ್ಯದಲ್ಲಿ ಸ್ಮಾರ್ಟ್ ಮೀಟರ್ ಹೇಗೆ ವಯಸ್ಸಾಗತ್ತೆ ಅಂತ ಕಲಿಯೋಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ.

ಮಾವ: ಕಲಿಯೋದನ್ನ ಬೇಗ ಕಲೀರಿ. ಕೇಂದ್ರ ಸರ್ಕಾರದ 2021ರ ಆರ್‌ಡಿಎಸ್‌ಎಸ್ ಯೋಜನೇಲಿ ದೇಶಕ್ಕೆ 25 ಕೋಟಿ ಪ್ರಿಪೇಯ್ಡ್ ಮೀಟರಿನ ಗುರಿ ಇಟ್ಟರು. ಕರಾರು ಹೇಗಿದೆ ನೋಡು. ಖಾಸಗಿ ಸಂಸ್ಥೆ ತನ್ನ ದುಡ್ಡಲ್ಲಿ ಮೀಟರ್ ಹಾಕಿ, ನಡೆಸಿ, ತಿಂಗಳಿಗೆ ಮೀಟರೊಂದಕ್ಕೆ ಇಷ್ಟು ಅಂತ ತಗೊಳ್ಳತ್ತೆ. ಹತ್ತು ವರ್ಷದ ಆಸುಪಾಸಲ್ಲಿ ಕರಾರು ಮುಗಿದು ಎಲ್ಲ ಸರಬರಾಜು ಕಂಪನಿಗೆ ಹಸ್ತಾಂತರ. ಯೋಚನೆ ಮಾಡು, ಕಂಪನಿಯ ಕೈಗೆ ಬರೋದು ಯಾವ ಮೀಟರು?

ಸೊಸೆ: ಹತ್ತು ವರ್ಷದ ಹಳೇದು. ರಿಲೇ ದಣಿದದ್ದು, ಬ್ಯಾಟರಿ ಮುಗೀತಿರೋದು.

ಮಾವ: ಕರಾರಿನ ಕೊನೆಯ ವರ್ಷ ಅವರು ದುರಸ್ತಿಗೆ ಯಾಕೆ ದುಡ್ಡು ಹಾಕ್ತಾರೆ? ಅದಕ್ಕೇ ಹಸ್ತಾಂತರದ ದಿನ ಮೀಟರ್ ಯಾವ ಸ್ಥಿತಿಯಲ್ಲಿರಬೇಕು ಅಂತ ಮೊದಲೇ ಬರೀಬೇಕು. ಅದಕ್ಕೆ ಎರಡು ವರ್ಷ ಮುಂಚೆ ಸ್ಯಾಂಪಲ್ ಪರೀಕ್ಷೆ, ಫೇಲಾದ ಲಾಟಿಗೆ ಹಣ ತಡೆಹಿಡಿಯೋ ಹಕ್ಕು. ಗುಪ್ತ ಕೀಲಿಗಳೆಲ್ಲ ಕಂಪನಿಯ ವಶಕ್ಕೆ. ಕೀಲಿ ಸಿಗದಿದ್ರೆ ಚೆನ್ನಾಗಿರೋ ಮೀಟರೂ ನಿನ್ನದಲ್ಲ. ಮತ್ತೆ ವಾರಂಟಿ ಅನ್ನೋದನ್ನ ಆಯಸ್ಸು ಅಂತ ತಿಳ್ಕೋಬೇಡ, ಅದು ಕೆಟ್ಟರೆ ಯಾರು ದುಡ್ಡು ಕೊಡ್ಬೇಕು ಅಂತ ಹೇಳತ್ತೆ ಅಷ್ಟೆ.

ಸೊಸೆ: ಟಿಪ್ಪಣಿ ಬದಲಾವಣೆ ಬಗ್ಗೆ ಬರೀ ಅಂದ್ರು, ನೀವು ಖರೀದಿ ಬಗ್ಗೆ ಬರೆಸ್ತಾ ಇದ್ದೀರ.

ಮಾವ: ಎರಡೂ ಒಂದೇ. ಹೇಗೆ ತೆಗೀಬೇಕು ಅಂತ ಗೊತ್ತಿಲ್ಲದೆ ಕೊಂಡದ್ದನ್ನ ತೆಗೆಯೋ ದಿನ ಸರಿಯಾದ ಯೋಜನೆ ಮಾಡೋಕೆ ಆಗಲ್ಲ. 2025ರ ಫೆಬ್ರವರಿಯಿಂದ ಬೆಂಗಳೂರಿನ ಬೆಸ್ಕಾಂನವರು ಹೊಸ ಸಂಪರ್ಕಕ್ಕೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿದಾಗ ಬೆಲೆ ಬಗ್ಗೆ ಎಷ್ಟು ಗಲಾಟೆ ಆಯ್ತು! ಅದನ್ನ ಮುಂದೆ ತೆಗೆಯೋಕೆ ಎಷ್ಟು ಬೀಳತ್ತೆ ಅಂತ ಯಾರಾದ್ರೂ ಕೇಳಿದ್ದನ್ನ ನಾನಂತೂ ನೋಡಿಲ್ಲ.

ಸೊಸೆ: ಮನೆ ಬಾಗಿಲಲ್ಲಿ ಏನಾಗಬೇಕು ಅನ್ನೋದನ್ನೂ ಬರೀಬೇಕು. ಇಟಲಿಯಲ್ಲಿ ಕಟ್ಟಡಕ್ಕೆ ಮುಂಚಿತವಾಗಿ ನೋಟಿಸ್ ಅಂಟಿಸ್ತಾರೆ. ಬಂದವನು ನಿಜವಾಗ್ಲೂ ಕಂಪನಿಯವನೇ ಅಂತ ಪಿನ್ ಸಂಖ್ಯೆಯಿಂದ ಖಾತ್ರಿ ಮಾಡ್ಕೊಳ್ಳಬಹುದು. ಮುಖ್ಯವಾದದ್ದು, ಹಳೇ ಮೀಟರಿನ ಕೊನೇ ರೀಡಿಂಗನ್ನ ಗ್ರಾಹಕ ಆಮೇಲೂ ತಾಳೆ ನೋಡೋಕೆ ವ್ಯವಸ್ಥೆ ಇದೆ.

ಮಾವ: ಆ ಕೊನೇ ರೀಡಿಂಗೇ ಜಗಳದ ಮೂಲ. ನಮ್ಮಲ್ಲಿ ಮೀಟರ್ ಬದಲಾದ ಮುಂದಿನ ತಿಂಗಳು ಬಿಲ್ ಜಾಸ್ತಿ ಬಂದ್ರೆ ಹೊಸ ಮೀಟರ್ ಜೋರಾಗಿ ಓಡತ್ತೆ ಅಂತಾರೆ. ಎಷ್ಟೋ ಸಲ ಹಳೇದು ನಿಧಾನ ಇದ್ದದ್ದೇ ನಿಜ, ಆದ್ರೆ ಅದನ್ನ ತೋರಿಸೋಕೆ ಹಳೇದು ಕೈಯಲ್ಲಿ ಇರಬೇಕಲ್ಲ. ಆರ್.ಆರ್. ನಂಬರ್ ಕಾಣೋ ಹಾಗೆ, ಮನೆಯವರ ಎದುರಲ್ಲೇ, ಎರಡೂ ಮೀಟರಿನ ಫೋಟೊ ತೆಗಿಸು. ತೆಗೆದ ಮೀಟರನ್ನ ಸೀಲ್ ಮಾಡಿ ಎರಡು ಮೂರು ಬಿಲ್ ಆಗೋ ತನಕ ಇಟ್ಕೊ. ಕೇಳಿದವರಿಗೆ ಕೆಲವು ದಿನ ಎರಡನ್ನೂ ಸಾಲಾಗಿ ಓಡಿಸಿ ತೋರಿಸು. ಮತ್ತೆ ಹೊಸದನ್ನ ಕೂರಿಸೋವಾಗ ಟರ್ಮಿನಲ್ ಸ್ಕ್ರೂ ಅಳತೆಗೆ ಬಿಗಿದಿದ್ಯಾ ನೋಡೋಕೆ ಟಾರ್ಕ್ ಸ್ಕ್ರೂಡ್ರೈವರ್ ಕೊಡು. ಸಡಿಲ ಇದ್ದ ಅಲ್ಯೂಮಿನಿಯಂ ತಂತಿ ಬಿಸಿಯಾಗಿ ಸುಟ್ಟ ಮೀಟರುಗಳನ್ನ ನಾನು ಬೇಕಾದಷ್ಟು ನೋಡಿದ್ದೀನಿ. ಸುಟ್ಟದ್ದು ಮೀಟರ್ ಅಂತ ಬರೀತಾರೆ, ತಪ್ಪು ಕೂರಿಸಿದವನದ್ದು.

ಸೊಸೆ: ತೆಗೆದವನ್ನ ಆಮೇಲೆ ಸುಮ್ಮನೆ ಹರಾಜು ಹಾಕೋ ಹಾಗಿಲ್ಲ. 2023ರ ಏಪ್ರಿಲ್‌ನಿಂದ ಹೊಸ ಇ-ತ್ಯಾಜ್ಯ ನಿಯಮ ಇದೆ, ಬ್ಯಾಟರಿಗೆ 2022ರ ಬೇರೆ ನಿಯಮ. ಕೀಲಿ, ಗ್ರಾಹಕರ ಮಾಹಿತಿ ಅಳಿಸಿದ ಮೇಲೇ ಹೊರಗೆ ಬಿಡಬೇಕು. ಅದಕ್ಕೊಂದು ಪುಟ ಸಾಕು. ಕೊನೇದಾಗಿ ದುಡ್ಡು ಮಾವ.

ಮಾವ: ನಾನೂ ಅದಕ್ಕೇ ಕಾಯ್ತಿದ್ದೆ. ಒಂದು ಮೀಟರು ಕರಾರುವಾಕ್ಕಾಗಿ ಅಳೀತಿದೆ. ಅದರ ಬೆಲೆ ಲೆಕ್ಕದ ಪುಸ್ತಕದಲ್ಲಿ ಇನ್ನೂ ತೀರಿಲ್ಲ. ಆದ್ರೆ ಮೊಬೈಲ್ ಕಂಪನಿ ತನ್ನ ಜಾಲ ಮುಚ್ಚಿತು ಅಂತ, ಇಲ್ಲಾ ಸರ್ಕಾರ ಹೊಸ ಗುಣಲಕ್ಷಣ ಬರೀತು ಅಂತ ಅದನ್ನ ತೆಗೀತೀರ. ತೀರದ ಆ ಬೆಲೆ ಯಾರ ತಲೆ ಮೇಲೆ?

ಸೊಸೆ: ವಿದ್ಯುತ್ ದರ ನಿಗದಿ ಮಾಡೋ ಆಯೋಗ, ಕೆಇಆರ್‌ಸಿ, ಒಪ್ಪಿದ್ರೆ ದರದಲ್ಲಿ ಸೇರತ್ತೆ.

ಮಾವ: ದರದಲ್ಲಿ ಸೇರತ್ತೆ ಅಂದ್ರೆ ನನ್ನ ಬಿಲ್ಲಲ್ಲಿ ಸೇರತ್ತೆ. ಹಳೇ ಮೀಟರಿನ ಉಳಿದ ಕಂತು, ಹೊಸ ಮೀಟರಿನ ಮೊದಲ ಕಂತು, ಎರಡೂ ಒಟ್ಟಿಗೆ.

ಸೊಸೆ: ತಪ್ಪಿಸೋಕೆ ಪೂರ್ತಿ ಆಗಲ್ಲ, ಆದ್ರೆ ಕಮ್ಮಿ ಮಾಡಬಹುದು. ಮಾಡ್ಯೂಲ್ ಮಾತ್ರ ಬದಲಿಸೋ ಹಾಗಿದ್ರೆ ಮೀಟರಿನ ಬೆಲೆ ಉಳಿಯತ್ತೆ. ಸ್ಯಾಂಪಲ್ ಪಾಸಾದ ಲಾಟಿಗೆ ವರ್ಷ ಹೆಚ್ಚಾದ್ರೆ ಕಂತು ತೀರೋ ತನಕ ಕಾಯಬಹುದು. ಯಾರು ಎಷ್ಟು ಹೊರಬೇಕು ಅನ್ನೋದು ಮಾತ್ರ ನನ್ನ ಟಿಪ್ಪಣಿಯ ವ್ಯಾಪ್ತಿ ಮೀರಿದ್ದು. ಮೇಲಿನವರು ಅದನ್ನ ತೆಗೆದುಹಾಕ್ತಾರೆ.

ಮಾವ: ತೀರ್ಮಾನ ಬರೀಬೇಡ, ಅಂಕಿ ಬರಿ. ಈ ವರ್ಷ ತೆಗೆದ್ರೆ ತೀರದ ಬೆಲೆ ಇಷ್ಟು, ಮೂರು ವರ್ಷ ಬಿಟ್ಟರೆ ಇಷ್ಟು, ಮಾಡ್ಯೂಲ್ ಮಾತ್ರ ಬದಲಿಸಿದ್ರೆ ಇಷ್ಟು. ಮೂರು ಸಾಲಿನ ಕೋಷ್ಟಕ. ಅಂಕಿಯನ್ನ ತೆಗೆದುಹಾಕೋಕೆ ಯಾರೂ ಸಹಿ ಮಾಡಲ್ಲ.

ಸೊಸೆ: ಮತ್ತೆ ನಾನು ಕೇಳಿದ ಒಂದು ಅಂಕಿ?

ಮಾವ: ಕೊಡಲ್ಲ. ಅಳೆಯೋದು, ಮಾತಾಡೋದು, ಕಡಿಯೋದು, ಕೀಲಿ, ಕರಾರು, ಲೆಕ್ಕದ ಪುಸ್ತಕ ಅಂತ ಆರು ಅಂಕಣ ಹಾಕು. ಒಂದೊಂದು ಲಾಟಿಗೂ ಆರರಲ್ಲಿ ಯಾವುದು ಚಿಕ್ಕದೋ ಅದಕ್ಕೆ ಕೆಂಪು ಬಳಿ. ಆ ಕೆಂಪನ್ನ ಹಿಂದಕ್ಕೆ ತಳ್ಳೋಕೆ ಎಷ್ಟು ಬೀಳತ್ತೆ ಅಂತ ಪಕ್ಕದಲ್ಲಿ ಬರಿ. ಯೋಜನೆ ಅಂದ್ರೆ ಅಷ್ಟೇ. ಪ್ರತಿ ವರ್ಷ ಅದನ್ನ ಹೊಸದಾಗಿ ತುಂಬಬೇಕು.

ಸೊಸೆ: ದುಡ್ಡಿನ ಕೋಷ್ಟಕವನ್ನ ಅನುಬಂಧಕ್ಕೆ ಹಾಕ್ತೀನಿ.

ಮಾವ: ಅನುಬಂಧವನ್ನ ಯಾರೂ ಓದಲ್ಲ, ಮುಖ್ಯ ಭಾಗದಲ್ಲೇ ಹಾಕು. ಕೆಇಆರ್‌ಸಿ ದರದ ಬಗ್ಗೆ ಸಾರ್ವಜನಿಕ ವಿಚಾರಣೆ ಮಾಡತ್ತಲ್ಲ, ಅಲ್ಲಿ ಗ್ರಾಹಕ ಅಂತ ಎದ್ದು ನಿಂತು ನಾನೇ ಇದನ್ನ ಕೇಳೋನಿದ್ದೀನಿ. ನಿಮ್ಮ ಕಂಪನಿಯವರು ಆಗ ನಿನ್ನ ಕಡೆ ತಿರುಗಿ ನೋಡ್ತಾರೆ, ಉತ್ತರ ಯಾವ ಪುಟದಲ್ಲಿದೆ ಅಂತ ಈಗಲೇ ಗುರುತು ಹಾಕ್ಕೊ.